ಅಮಾನ್ಯವಾದ ಚಿಕ್ಕಮ್ಮ

ಕಲಬುರಗಿಯಲ್ಲಿ ವಕೀಲಿ ಆರಂಭಿಸಿ ನಾಲ್ಕು ವರ್ಷ ತುಂಬಿದ ದಿನ ನನ್ನ ಸ್ವಂತ ಕಕ್ಷಿದಾರರನ್ನು ಎಣಿಸಲು ಕುಳಿತೆ. ಒಂದು ಕೈಯ ಬೆರಳುಗಳೇ ಹೆಚ್ಚಾದವು. ಆ ಲೆಕ್ಕದಲ್ಲಿ ಇಬ್ಬರು ಸೋದರಮಾವಂದಿರು ಸೇರಿದ್ದರು. ಅವರು ಒಬ್ಬರ ಮೇಲೊಬ್ಬರು ದಾವಾ ಹೂಡಲು ಬಂದವರಾದ್ದರಿಂದ ಅದರಲ್ಲಿಯೂ ಒಬ್ಬರನ್ನು ಬಿಟ್ಟುಕೊಡಬೇಕಾಯಿತು. 2008ರಲ್ಲಿ ಇಲ್ಲಿಗೆ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಪೀಠವಾದ ಮೇಲೆ ಈ ಭಾಗದವರಿಗೆ ಮೇಲ್ಮನವಿಗಾಗಿ ಬೆಂಗಳೂರಿನ ರಾತ್ರಿ ರೈಲು ಹತ್ತುವುದು ತಪ್ಪಿತು, ನಿಜ. ಆದರೆ ಹಾಗೆ ಉಳಿದವರೆಲ್ಲ ಹೋಗಿ ಕೂರುತ್ತಿದ್ದುದು ನಮ್ಮ ಸೀನಿಯರ್ ಅಂಥವರ ಕಚೇರಿಯ ಬೆಂಚಿನ ಮೇಲೆಯೇ ಹೊರತು ನನ್ನ ಮೇಜಿನ ಮುಂದಲ್ಲ. ನನ್ನ ಪಾಲಿಗೆ ಬರುತ್ತಿದ್ದುದು, ಸೀನಿಯರ್ ಬೇರೆ ಕೋರ್ಟ್ ಹಾಲ್‌ನಲ್ಲಿದ್ದಾರೆಂದು ತಲೆಬಾಗಿ ಹೇಳಿ ಮುಂದಿನ ತಾರೀಖು ಕೇಳುವ ಕೆಲಸ.

ಈ ದುಃಸ್ಥಿತಿಗೆ ಪರಿಹಾರ ಸೂಚಿಸಿದವನು ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ. "ಮಾಮಾ, ನಿನಗ ಕಾನೂನು ಬರ್ತದ, ಆದ್ರ ಅದು ಮಂದಿಗಿ ಗೊತ್ತಿಲ್ಲ. ಇನ್‌ಸ್ಟಾಗ್ರಾಮ್‌ನಾಗ ರೀಲ್ಸ್ ಮಾಡು" ಎಂದ. ಮೊದಲ ವಾಕ್ಯದ ಬಗ್ಗೆ ನನಗೇ ಪೂರ್ತಿ ಭರವಸೆಯಿರಲಿಲ್ಲವಾದರೂ ಎರಡನೆಯದು ಹಿಡಿಸಿತು.

ಸೀನಿಯರ್‌ಗೆ ಈ ವಿಷಯ ತಿಳಿಸಿದಾಗ ಅವರು ಒಂದು ಮಾತನ್ನೂ ಆಡದೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪುಸ್ತಕ ತೆಗೆದು, 36ನೇ ನಿಯಮದ ಪುಟವನ್ನು ನನ್ನ ಮುಂದಿಟ್ಟರು. ವಕೀಲನು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕೆಲಸವನ್ನು ಬೇಡಬಾರದು, ಜಾಹೀರಾತು ಕೊಡಬಾರದು. ತಾನು ನಡೆಸುವ ಪ್ರಕರಣದ ಸಂಬಂಧದಲ್ಲಿ ಪತ್ರಿಕೆಗೆ ಫೋಟೊ ಒದಗಿಸಬಾರದು. ಅಷ್ಟೇಕೆ, ಬಾಗಿಲಿಗೆ ತೂಗುಹಾಕುವ ಬೋರ್ಡು ಕೂಡ ಹದವಾದ ಗಾತ್ರದ್ದಾಗಿರಬೇಕು. ಪಂಕ್ಚರ್ ಅಂಗಡಿಯವನು ಹಳೆಯ ಟೈರನ್ನು ಕಂಬಕ್ಕೆ ನೇತುಹಾಕಿ ಅನುಭವಿಸುವ ಸ್ವಾತಂತ್ರ್ಯ ನಮಗಿಲ್ಲ. 2008ರ ತಿದ್ದುಪಡಿಯು ವೆಬ್‌ಸೈಟಿಗೆ ಅವಕಾಶ ಕೊಟ್ಟಿದೆಯಾದರೂ ಅದರಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ ಮುಂತಾದ ಕೆಲವೇ ವಿವರಗಳಿರಬಹುದು. 2025ರ ಮಾರ್ಚ್‌ನಲ್ಲಿ ಇದೇ ಪರಿಷತ್ತು, ಸಾಮಾಜಿಕ ಜಾಲತಾಣಗಳಲ್ಲಿ ಪ್ರಚಾರ ಮಾಡಿಕೊಳ್ಳುವ ವಕೀಲರಿಗೆ ಮತ್ತೊಮ್ಮೆ ಎಚ್ಚರಿಕೆಯನ್ನೂ ಕೊಟ್ಟಿತು.

"ನಾನು ಕೆಲಸ ಕೇಳೂದಿಲ್ರಿ ಸರ್, ಬರೇ ಕಾನೂನಿನ ಅರಿವು ಮೂಡಸ್ತೀನಿ" ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿದ ನೋಟವನ್ನು ನಾನು ಅನುಮತಿಯೆಂದು ಅರ್ಥೈಸಿಕೊಂಡೆ. ಕಾಯ್ದೆಗಳನ್ನು ಹೀಗೆಯೇ ಅರ್ಥೈಸಿಕೊಳ್ಳುವುದು ನನ್ನ ವೃತ್ತಿಜೀವನದ ದೊಡ್ಡ ದೋಷ.

ಮೊದಲ ರೀಲ್‌ಗೆ ಚೆಕ್ ಅಮಾನ್ಯದ ವಿಷಯವನ್ನೂ ಶರಣಬಸವೇಶ್ವರ ಕೆರೆಯ ದಂಡೆಯನ್ನೂ ಆರಿಸಿಕೊಂಡೆವು. ಮೇ ತಿಂಗಳ ಸಂಜೆ ಐದು ಗಂಟೆ. ಕಲಬುರಗಿಯ ಆ ಹೊತ್ತಿನ ಬಿಸಿಲಿಗೆ ಸಂಜೆ ಎಂಬ ಹೆಸರು ಕೇವಲ ಗಡಿಯಾರದ ಮರ್ಯಾದೆಗೆ. ಬೇಸಿಗೆಯಲ್ಲಿ ಕೆಳಹಂತದ ನ್ಯಾಯಾಲಯಗಳಲ್ಲಿಯೇ ಕರಿಕೋಟಿನ ಕಡ್ಡಾಯವಿಲ್ಲದಿರುವಾಗ ನಾನು ಕೋಟು ಧರಿಸಿ, ಕೊರಳಿಗೆ ಬಿಳಿ ಬ್ಯಾಂಡ್ ಕಟ್ಟಿಕೊಂಡು ಕೆರೆಗೆ ಬೆನ್ನು ಮಾಡಿ ನಿಂತೆ. ಅಳಿಯನು ಚೌಕಟ್ಟು ಸರಿಹೊಂದಿಸಲು ಟೇಪು ಹಿಡಿದು ನನ್ನಿಂದ ಮೊಬೈಲ್ ಸ್ಟ್ಯಾಂಡಿನವರೆಗಿನ ಅಂತರವನ್ನು ಅಳೆಯತೊಡಗಿದ.

ಅನಾಹುತವಾದದ್ದು ಆ ಟೇಪಿನಿಂದ. ಸುಸಲಾ-ಮಿರ್ಚಿಯ ಬಂಡಿಯವನು ಮೊದಲು ಬಂದು, "ಸಾಹೇಬ್ರ, ಕೆರಿ ಅಳೀಲಿಕ್ಕ ಬಂದೀರೇನ್ರಿ?" ಎಂದು ಕೇಳಿದ. ನಾನು ನಕ್ಕು ಸುಮ್ಮನಾದೆ; ಆ ನಗುವಿನಲ್ಲಿ ಅವನಿಗೆ ಏನು ಕಂಡಿತೋ, ಬಂಡಿಯನ್ನು ಇಪ್ಪತ್ತು ಹೆಜ್ಜೆ ಹಿಂದಕ್ಕೆ ನೂಕಿಕೊಂಡು ಹೋದ. ಅವನನ್ನು ನೋಡಿ ಕಲ್ಲಂಗಡಿಯವನೂ ಹಣ್ಣಿನ ರಾಶಿಗೆ ತಾಡಪತ್ರಿ ಹೊದಿಸಿದ. ಐದು ನಿಮಿಷದೊಳಗೆ, ಒತ್ತುವರಿ ನೋಡಲು ಕೋರ್ಟ್ ಕಮಿಷನರ್ ಬಂದಿದ್ದಾರೆಂಬ ಸುದ್ದಿ ದಂಡೆಯುದ್ದಕ್ಕೂ ಹಬ್ಬಿ, ಹಿರಿಯರೊಬ್ಬರು ಪಕ್ಕದ ಓಣಿಯ ಯಾರದೋ ಗೋಡೆಯ ಬಗ್ಗೆ ನನ್ನೆದುರು ಸಾಕ್ಷಿ ಹೇಳಲು ಆರಂಭಿಸಿದರು. ನಾನು ಯಾವ ಕಮಿಷನರನೂ ಅಲ್ಲವೆಂದು ಕೈಮುಗಿದು ಹೇಳಿದಾಗ, "ಹಂಗಾದ್ರ ಮದಿವಿ ಫೋಟೊಕ್ಕ ಯಾಕ ವಕೀಲರ ವೇಷ?" ಎಂದು ಅವರು ನಿರಾಶರಾಗಿ ಎದ್ದುಹೋದರು. ನ್ಯಾಯಾಲಯವಲ್ಲದ ಸಾರ್ವಜನಿಕ ಸ್ಥಳಗಳಲ್ಲಿ ಬ್ಯಾಂಡ್ ಕಟ್ಟಬಾರದೆಂಬ ನಿಯಮವೂ ಅದೇ ಪುಸ್ತಕದಲ್ಲಿತ್ತೆಂಬುದು ಮರುದಿನ ಸೀನಿಯರ್ ಇನ್ನೊಂದು ಪುಟ ತೆಗೆದಿಟ್ಟಾಗ ತಿಳಿಯಿತು. ಅಷ್ಟರಲ್ಲಿ ವಿಡಿಯೊ ಲೋಕಾರ್ಪಣೆಯಾಗಿತ್ತು.

ತೊಂಬತ್ತು ಸೆಕೆಂಡುಗಳ ಆ ವಿಡಿಯೊಗೆ ಮಾತನ್ನು ತಾನೇ ಅಕ್ಷರಕ್ಕಿಳಿಸುವ ತಂತ್ರಾಂಶವೊಂದನ್ನು ಅಳಿಯ ಬಳಸಿದ್ದ. "ಚೆಕ್ ಅಮಾನ್ಯವಾದರೆ ಹೆದರಬೇಡಿ" ಎಂದು ನಾನು ಗಂಭೀರವಾಗಿ ಹೇಳುತ್ತಿರುವಾಗ ಕೆಳಗೆ ಹಳದಿ ಅಕ್ಷರಗಳಲ್ಲಿ "ಚಿಕ್ಕಮ್ಮ ಮಾನ್ಯವಾದರೆ ಹೆದರಬೇಡಿ" ಎಂದು ಮೂಡುತ್ತಿತ್ತು. ನಾಲ್ಕು ಕಡೆ ಚೆಕ್ ಬಂದಿತ್ತು, ನಾಲ್ಕೂ ಕಡೆ ಚಿಕ್ಕಮ್ಮ ಬಂದಳು. ಒಂದು ಕಡೆಯಂತೂ ಅವಳನ್ನು ಬ್ಯಾಂಕಿನವರು ಹಣವಿಲ್ಲವೆಂದು ಹಿಂದಿರುಗಿಸಿದ್ದರು. ಆ ರಾತ್ರಿ ಆಳಂದದಿಂದ ನನ್ನ ಸಾಕ್ಷಾತ್ ಚಿಗವ್ವ ಫೋನ್ ಮಾಡಿ, "ಯಪ್ಪಾ, ಹೊಲದ ಪಾಲಿಂದು ಮನ್ಯಾಗ ಮಾತಾಡಿದ್ರ ಆಗ್ತಿತ್ತು, ಮಂದಿ ಮುಂದ ನನ್ನ ಯಾಕ ತಂದಿ?" ಎಂದು ಅತ್ತಳು. ಸಮಾಧಾನಪಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹೊಲದ ಪಾಲಿನ ಬಗ್ಗೆ ಅವಳ ಮನಸ್ಸಿನಲ್ಲಿ ಏನಿತ್ತೆಂಬುದು ಮಾತ್ರ ನನಗೆ ಮೊದಲ ಬಾರಿಗೆ ಸ್ಪಷ್ಟವಾಯಿತು.

ಆಮೇಲಿನ ದಿನಗಳಲ್ಲಿ ಪಹಣಿಗಳ ಫೋಟೊಗಳೂ, ಬದುವಿನ ಬೇವಿನ ಮರ ಯಾರದೆಂಬ ಬಗ್ಗೆ ಧ್ವನಿಸಂದೇಶಗಳೂ ಹೊತ್ತಿಲ್ಲದ ಹೊತ್ತಿನಲ್ಲಿ ಬರತೊಡಗಿದವು. ಉತ್ತರಿಸಿದರೆ ಕೈಮುಗಿದ ಚಿತ್ರವೊಂದು ಬರುತ್ತಿತ್ತು. ಫೀಸು ಎಂಬ ಪದ ಬರೆದರೆ ಅದೂ ನಿಲ್ಲುತ್ತಿತ್ತು.

ಕೊನೆಗೊಂದು ದಿನ, ವಿಡಿಯೊ ನೋಡಿಯೇ ಬಂದೆನೆಂದು ಹೇಳಿದ ಅಫಜಲಪುರದ ಕಡೆಯ ಒಬ್ಬ ಕಕ್ಷಿದಾರ ವಕಾಲತ್ತಿಗೆ ಸಹಿ ಹಾಕಿದ. ಗೊಬ್ಬರದ ಅಂಗಡಿಗೆ ಕೊಟ್ಟಿದ್ದ ಅವನ ಚೆಕ್ ಬ್ಯಾಂಕಿನಿಂದ ವಾಪಸಾಗಿತ್ತು. ಅಂಗಡಿಯವನು ಮೂವತ್ತು ದಿನಗಳೊಳಗೆ ನೋಟಿಸು ಕಳುಹಿಸಿದ್ದ; ಅದು ಕೈಸೇರಿದ ಮೇಲೆ ಹಣ ಕಟ್ಟಲು ಹದಿನೈದು ದಿನಗಳ ಅವಕಾಶವಿತ್ತು. ಆದರೆ ಈ ಮಹಾಶಯ ಅಂಚೆಯವನಿಗೆ ಲಕೋಟೆ ಬೇಡವೆಂದು ಹೇಳಿ ಕಳುಹಿಸಿಬಿಟ್ಟಿದ್ದ. ಹೀಗೇಕೆ ಮಾಡಿದನೆಂದು ಕೇಳಿದರೆ ಅವನು ತಲೆ ತುರಿಸಿಕೊಂಡನೇ ಹೊರತು ಉತ್ತರ ಹೇಳಲಿಲ್ಲ.

ಉತ್ತರ ಸಿಕ್ಕಿದ್ದು ಮೊದಲ ತಾರೀಖಿನ ದಿನ, ಕೋರ್ಟಿನ ವರಾಂಡದಲ್ಲಿ. ಎದುರು ಕಡೆಯ ವಕೀಲರು ಅದೇ ಪ್ರಶ್ನೆ ಕೇಳಿದಾಗ ಅವನು ಹೆಮ್ಮೆಯಿಂದ ಮೊಬೈಲ್ ತೆಗೆದು ನನ್ನ ರೀಲ್ ಹಚ್ಚಿದ. "ನೋಟಿಸು ತಲುಪಿದ ದಿನದಿಂದ ಹದಿನೈದು ದಿನ" ಎಂಬಲ್ಲಿಗೆ ಬಂದೊಡನೆ ನಿಲ್ಲಿಸಿ, "ನೋಡ್ರಿ, ತಲುಪಿದ್ರ ಅಲ್ಲೇನ್ರಿ ದಿನಾ ಎಣಸೂದು? ನಾ ತಗೊಂಡೇ ಇಲ್ಲ. ನಮ್ಮ ವಕೀಲರೇ ಹೇಳ್ಯಾರ" ಎಂದ. ಅವನು ನೋಡಿದ್ದು ಮೊದಲ ಮೂವತ್ತು ಸೆಕೆಂಡುಗಳನ್ನು ಮಾತ್ರ.

"ಪೂರಾ ಹಚ್ರಿ, ಕೇಳೂಣು" ಎಂದರು ಎದುರು ವಕೀಲರು, ಬಹಳ ವಿನಯದಿಂದ. ಹತ್ತಾರು ಕರಿಕೋಟುಗಳ ನಡುವೆ, ಕೆರೆಯ ದಂಡೆಯಿಂದ ನನ್ನ ಧ್ವನಿಯೇ ಖಣಿಲ್ಲನೆ ಕೇಳಿಬಂತು: ಸರಿಯಾದ ವಿಳಾಸಕ್ಕೆ ಬಂದ ನೋಟಿಸನ್ನು ಬೇಡವೆಂದು ಮರಳಿಸಿದರೂ ಅದು ತಲುಪಿದಂತೆಯೇ ಲೆಕ್ಕ, ಹಾಗೆ ತಪ್ಪಿಸಿಕೊಳ್ಳಬಹುದೆಂದು ಯಾರೂ ಭಾವಿಸಬಾರದು. ಕೆಳಗೆ ಹಳದಿ ಅಕ್ಷರಗಳಲ್ಲಿ ಚಿಕ್ಕಮ್ಮ ಮತ್ತೊಮ್ಮೆ ಹಾದುಹೋದಳು.

ನನ್ನ ಕಕ್ಷಿದಾರ ಮೊಬೈಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದ: "ಇದು ಮೊದಲಿಗೇ ಹೇಳಬಾರದಿತ್ತೇನ್ರಿ ಸಾಹೇಬ್ರ?"