ಧರ್ಮವೊಂದೇ ಕಾರಣ ಅಲ್ಲ
ಯುವಕರು ಉಗ್ರ ಗುಂಪು ಸೇರಲು ಧರ್ಮಬೋಧನೆಯೇ ಕಾರಣ ಅಂತ ಲೇಖನವೊಂದು ಹೇಳುತ್ತದೆ. ಅದು ಅರ್ಧ ಸತ್ಯ. ವಿಶ್ವಸಂಸ್ಥೆಯ ಅಭಿವೃದ್ಧಿ ಅಂಗವಾದ ಯುಎನ್‌ಡಿಪಿ ಆಫ್ರಿಕಾದಲ್ಲಿ ಇಂಥ ಗುಂಪುಗಳಲ್ಲಿದ್ದವರನ್ನೇ ಮಾತನಾಡಿಸಿ 2017ರಲ್ಲಿ ವರದಿ ಕೊಟ್ಟಿತ್ತು. ತಾವಾಗಿಯೇ ಸೇರಿದವರಲ್ಲಿ ಶೇ 71ರಷ್ಟು ಮಂದಿ, ಕೊನೆಗೆ ತಮ್ಮನ್ನು ಆ ಕಡೆ ತಳ್ಳಿದ್ದು ಸರ್ಕಾರದ ಕ್ರಮ ಎಂದಿದ್ದರು. ಮನೆಯವರನ್ನೋ ಗೆಳೆಯರನ್ನೋ ಕೊಂದದ್ದು, ಹಿಡಿದೊಯ್ದದ್ದು, ಹೀಗೆ. ಅದೇ ಸಂಸ್ಥೆಯ 2023ರ ವರದಿಯಲ್ಲಿ, ತಾವಾಗಿಯೇ ಸೇರಿದವರಲ್ಲಿ ಕಾಲುಭಾಗ ಜನ ಸೇರಲು ಮುಖ್ಯ ಕಾರಣ ಕೆಲಸದ ಆಸೆ ಎಂದರು. ಧರ್ಮ ಎಂದವರು ಶೇ 17 ಮಾತ್ರ. ಹೊಟ್ಟೆಪಾಡು ಕಣ್ರೀ! ಹೀಗಿರುವಾಗ ಬರೀ ಬಂದೂಕು ಹಿಡಿದು ಹೋದರೆ ಆ ಗುಂಪುಗಳಿಗೆ ಹೊಸಬರನ್ನು ನಾವೇ ಕಳಿಸಿಕೊಟ್ಟಂತೆ ಅಲ್ವಾ? ಡೆನ್ಮಾರ್ಕ್‌ನ ಆರ್ಹೂಸ್ ನಗರದಲ್ಲಿ ಸಿರಿಯಾದ ಯುದ್ಧಕ್ಕೆ ಹೋಗಿ ವಾಪಸ್ ಬಂದವರಿಗೆ ಓದು, ಕೆಲಸ, ಆಪ್ತಸಲಹೆಯ ನೆರವು ಕೊಟ್ಟರು. ಹಾಗಂತ ಅಪರಾಧ ಮಾಡಿದವರನ್ನು ಸುಮ್ನೆ ಬಿಡುವ ಯೋಜನೆ ಅದಲ್ಲ.