ಡಚ್ಚರ ಒಡ್ಡು ಪರನಾಡಿನಲ್ಲಿ ನಿಂತೀತೆ?

ಕಡಲಿನಿಂದ ನೆಲ ಕಿತ್ತುಕೊಂಡ ನೆದರ್‌ಲ್ಯಾಂಡ್ಸ್‌ನ ಎಂಜಿನಿಯರುಗಳನ್ನು ಬೇರೆ ದೇಶಗಳು ನಾನೂರು ವರ್ಷಗಳಿಂದ ಕರೆಸಿಕೊಳ್ಳುತ್ತಲೇ ಇವೆ. ಅವರ ವಿದ್ಯೆ ಹೊರಗೂ ಫಲಿಸಿದೆಯೇ?

ಪರ

1873ರಲ್ಲಿ ಜಪಾನಿಗೆ ಬಂದಿಳಿದ ಯೊಹಾನಿಸ್ ಡೆ ರೈಕೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಒಡ್ಡು ಕಟ್ಟುವವರ ಮನೆಯಲ್ಲಿ ಹುಟ್ಟಿ, ಕೆಸರಿನಲ್ಲಿ ನಿಂತೇ ಕೆಲಸ ಕಲಿತವನು. ಅವನ ಪಾಲಿಗೆ ಬಂದದ್ದು ಒಸಾಕಾದ ಯೊದೊ ನದಿ. ಅದರ ಪಾತ್ರದಲ್ಲಿ ಹೂಳು ತುಂಬಿತ್ತು. ಅಳಿವೆಯಲ್ಲಿ ಹೂಳೆತ್ತಿಸಿ ಕೈತೊಳೆದುಕೊಳ್ಳಬಹುದಿತ್ತು. ಆತ ನದಿಯ ಮೇಲ್ದಂಡೆಗೆ ಹೋಗಿ ಬೆಟ್ಟ ಹತ್ತಿದ. ಮರ ಕಡಿದು ಬೋಳಾದ ಇಳಿಜಾರುಗಳಿಂದ ಮರಳು ಜಾರುತ್ತಿರುವುದನ್ನು ಕಂಡು, ಗಿಡ ನೆಡಿಸಿ ಹಳ್ಳಗಳಿಗೆ ಅಡ್ಡಗಟ್ಟೆ ಕಟ್ಟಿಸಬೇಕೆಂದ. ಬೆಟ್ಟವೇ ಇಲ್ಲದ ದೇಶದವನು! ನಾನು ಡಚ್ಚರ ವಿದ್ಯೆ ಎನ್ನುವುದು ಈ ಬೆಟ್ಟ ಹತ್ತುವ ಬುದ್ಧಿಗೆ.

ಕೈಕೆಲಸವೂ ಅಷ್ಟೇ ಚೊಕ್ಕ. ರೆಂಬೆಗಳನ್ನು ಹೊರೆ ಕಟ್ಟಿ ಚಾಪೆಯಂತೆ ಹೆಣೆದು, ತೇಲಿಸಿಕೊಂಡು ಹೋಗಿ, ಕಲ್ಲು ಹೇರಿ ಮುಳುಗಿಸುತ್ತಿದ್ದರು. ತಳ ಕೊರೆದರೆ ಚಾಪೆಯೂ ಅದರೊಡನೆ ಬಾಗುತ್ತದೆ. ಹೀಗೆ ಯೊದೊ ದಂಡೆಯಿಂದ ಚಾಚಿದ ಕಟ್ಟೆಗಳ ನಡುವೆ ನಿಂತ ಮಡುಗಳು ಇಟಾಸೆನ್‌ಪಾರಾ ಎಂಬ ಅಪರೂಪದ ಮೀನಿಗೆ ಆಸರೆಯಾದವು.

ಕಿಸೊ, ನಾಗರಾ, ಇಬಿ ನದಿಗಳದ್ದು ಇನ್ನೂ ಹಳೆಯ ಕಥೆ. ಮೂರೂ ಒಂದರೊಳಗೊಂದು ಹೊಕ್ಕು ಬಯಲನ್ನು ಮುಳುಗಿಸುತ್ತಿದ್ದವು. 1754ರಲ್ಲಿ ಸಾತ್ಸುಮಾ ಸೀಮೆಯ ಸಮುರಾಯಿಗಳನ್ನು ಅವುಗಳನ್ನು ಪಳಗಿಸಲು ಹಚ್ಚಿದಾಗ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರು. ಆದರೂ ನೆರೆ ನಿಲ್ಲಲಿಲ್ಲ. ಡೆ ರೈಕೆಯ ಯೋಜನೆಯ ಮೇಲೆ 1887ರಲ್ಲಿ ಆರಂಭವಾದ ಕೆಲಸ 1912ಕ್ಕೆ ಮುಗಿದು ಮೂರಕ್ಕೂ ಬೇರೆ ಬೇರೆ ಪಾತ್ರ ಸಿಕ್ಕಿತು. ಅಲ್ಲಿ ಅವನ ಪ್ರತಿಮೆ ನಿಂತಿದೆ. ಹೊರಗಿನವನೊಬ್ಬ ಸುಮಾರು ಮೂವತ್ತು ವರ್ಷ ದುಡಿದು ಗಳಿಸಿದ ಜಾಗ ಅದು.

ವಿರೋಧ

ಡೆ ರೈಕೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆತ ಜಪಾನ್ ಸರ್ಕಾರದ ಸಂಬಳದ ನೌಕರ. ಇನ್ನೊಬ್ಬ ಡಚ್ ಎಂಜಿನಿಯರ್ ವಾನ್ ಡೋರ್ನ್ ಯೋಜಿಸಿದ ನೋಬಿರು ಬಂದರಿನ ಅಲೆತಡೆಯನ್ನು 1884ರ ಚಂಡಮಾರುತ ಮುರಿದಾಗ, ಜಪಾನ್ ಆ ಬಂದರನ್ನೇ ಕೈಬಿಟ್ಟಿತು. ಬೇಡ ಎನ್ನುವ ಅಧಿಕಾರ ಕರೆಸಿಕೊಂಡವರ ಕೈಯಲ್ಲಿತ್ತು. ಬಂಗಾಳದ ರೈತರಿಗೆ ಅದಿರಲಿಲ್ಲ.

ಇಂದಿನ ಬಾಂಗ್ಲಾದೇಶದ ಖುಲ್ನಾ ಸೀಮೆಯಲ್ಲಿ ಹಿಂದೆ ‘ಅಷ್ಟಮಾಸಿ ಬಾಂಧ್’ ಎಂಬ ಮಣ್ಣಿನ ಏರಿಗಳಿದ್ದವು. ಹೆಸರೇ ಲೆಕ್ಕ ಹೇಳುತ್ತದೆ: ಎಂಟು ತಿಂಗಳು ಉಪ್ಪುನೀರಿಗೆ ತಡೆ, ಮಳೆಗಾಲದಲ್ಲಿ ನದಿಗೆ ದಾರಿ. ಸಿಹಿನೀರಿನ ಜೊತೆ ಹೂಳೂ ಗದ್ದೆಗೆ ಬಂದು, ನೆಲ ವರ್ಷವರ್ಷವೂ ಒಂದಿಷ್ಟು ಏರುತ್ತಿತ್ತು.

1960ರ ದಶಕದಲ್ಲಿ, ಅದು ಪೂರ್ವ ಪಾಕಿಸ್ತಾನವಾಗಿದ್ದಾಗ, ಅಮೆರಿಕದ ನೆರವಿನಿಂದ ಡಚ್ ಮಾದರಿಯ ಪೋಲ್ಡರುಗಳು ಎದ್ದವು. ಪೋಲ್ಡರು ಎಂದರೆ ತಗ್ಗು ನೆಲದ ಸುತ್ತ ಶಾಶ್ವತ ಏರಿ, ಅಲ್ಲಲ್ಲಿ ತೂಬು. ಇಂದು ಅವುಗಳ ಸಂಖ್ಯೆ 139. ಮೊದಮೊದಲು ಭತ್ತ ಚೆನ್ನಾಗಿಯೇ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಗದ್ದೆಗೆ ಬೀಳಬೇಕಿದ್ದ ಹೂಳು ನದಿಯ ತಳದಲ್ಲೇ ಕುಳಿತು ತೂಬುಗಳ ಬಾಯಿ ಕಟ್ಟಿತು. ಹೊರಗೆ ನದಿ ಎತ್ತರ, ಒಳಗೆ ನೆಲ ತಗ್ಗು. ಸುರಿದ ಮಳೆ ಹೊರಹೋಗಲಾರದೆ ಗದ್ದೆಯಲ್ಲೇ ಕೊಳೆಯಿತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. 1990ರಲ್ಲಿ ಬೀಲ್ ಡಾಕಾತಿಯಾ ಎಂಬ ತಗ್ಗು ಬಯಲಿನ ಜನ ತಾವೇ ಏರಿ ಕಡಿದರು. 1997ರಲ್ಲಿ ಬೀಲ್ ಭಯ್ನಾದಲ್ಲೂ ಹಾಗೆಯೇ ಆಯಿತು. ಉಬ್ಬರದ ನೀರು ಕೆಲವು ವರ್ಷ ಬಂದುಹೋಗಿ ತಗ್ಗನ್ನು ತುಂಬಿತು, ನದಿಯೂ ಆಳವಾಯಿತು. ಎಂಜಿನಿಯರುಗಳು ಇದಕ್ಕೆ ‘ಉಬ್ಬರ ನದಿ ನಿರ್ವಹಣೆ’ ಎಂದು ಗಂಭೀರವಾದ ಹೆಸರಿಟ್ಟರು.

ಎಚ್ಚರಿಕೆಯ ಗುರುತು ಯುರೋಪಿನಲ್ಲೇ ಇತ್ತು. 17ನೇ ಶತಮಾನದಲ್ಲಿ ಡಚ್ಚನಾದ ವರ್ಮೌಡನ್ ಇಂಗ್ಲೆಂಡಿನ ಫೆನ್ ಜೌಗಿನ ನೀರು ಬಸಿಯಲು ಹೊರಟ. ಕೊಳೆತ ಗಿಡಗಳಿಂದಾದ ಅಲ್ಲಿನ ಪೀಟ್ ಮಣ್ಣು ಒಣಗಿ ಕುಗ್ಗುತ್ತಲೇ ಹೋಯಿತು. ಮುಂದೆ ಉಗಿ ಪಂಪುಗಳು ಬಂದ ಮೇಲಂತೂ ಕೇಳುವುದೇ ಬೇಡ. ಹೋಮ್ ಫೆನ್‌ನಲ್ಲಿ 1851ರಲ್ಲಿ ತುದಿ ನೆಲಮಟ್ಟಕ್ಕಿರುವಂತೆ ಹೂತ ಕಬ್ಬಿಣದ ಕಂಬ ಈಗ ಸುಮಾರು 4 ಮೀಟರ್ ಹೊರಗೆ ನಿಂತಿದೆ.

ಬಾಂಗ್ಲಾದೇಶ 2018ರಲ್ಲಿ ಒಪ್ಪಿದ, 2100ರವರೆಗಿನ ಡೆಲ್ಟಾ ಯೋಜನೆಗೂ ಡಚ್ಚರೇ ನೆರವಾದರು. ಅವರದೇ ನಾಡಿನ ಓವರ್‌ಡೀಪ್ಸೆ ಪೋಲ್ಡರಿನಲ್ಲಿ ಅಷ್ಟರೊಳಗೆ ಒಡ್ಡನ್ನು ತಗ್ಗಿಸಿ ನೆರೆಗೆ ದಾರಿ ಬಿಟ್ಟಾಗಿತ್ತು. ಅಲ್ಲಿ ಉಳಿದ ರೈತರು ಮಣ್ಣಿನ ದಿಬ್ಬಗಳ ಮೇಲೆ ಹೊಸದಾಗಿ ಮನೆ ಕಟ್ಟಿಕೊಂಡಿದ್ದರು.