ಆನ್ಸ್‌ಕೋಂಬ್ ಮತ್ತು ನಮ್ಮ ‘ಬೇಕು’

‘ದಾಸವಾಳಕ್ಕೆ ನೀರು ಬೇಕು, ಸಂಜೆ ಹಾಕಬೇಕು’ ಅಂದರು ಅಮ್ಮ, ಬಾಡಿದ ಎಲೆ ಮುಟ್ಟಿ ನೋಡುತ್ತಾ. ಒಂದೇ ಮಾತಲ್ಲಿ ಎರಡು ‘ಬೇಕು’. ಒಂದು ಗಿಡದ್ದು, ಇನ್ನೊಂದು ನಮ್ಮದು. ಆಗ ನನ್ನ ಕೈಯಲ್ಲಿದ್ದದ್ದು ಬ್ರಿಟನ್ನಿನ ತತ್ವಶಾಸ್ತ್ರಜ್ಞೆ ಎಲಿಜಬೆತ್ ಆನ್ಸ್‌ಕೋಂಬ್ 1958ರಲ್ಲಿ ಪ್ರಕಟಿಸಿದ ‘ಮಾಡರ್ನ್ ಮಾರಲ್ ಫಿಲಾಸಫಿ’ ಅನ್ನೋ ಲೇಖನ. ಬರೀ 19 ಪುಟ. ಎರಡು ಸಲ ಓದಿದ್ದರೂ ತಲೆಗೆ ಹತ್ತಿರಲಿಲ್ಲ. ಅಮ್ಮನ ಮಾತು ಕೇಳಿದ ಮೇಲೆ ದಾರಿ ಕಂಡಿತು.

ನೀತಿಯ ಹೆಸರಲ್ಲಿ ‘ಹೀಗೆ ಮಾಡಬೇಕು’ ಅಂತೀವಲ್ಲ, ಆ ಮಾತಿಗೆ ಬಲ ಎಲ್ಲಿಂದ ಬಂತು? ಆನ್ಸ್‌ಕೋಂಬ್ ಕೇಳುವುದು ಇದನ್ನೇ. ಯುರೋಪಿನಲ್ಲಿ ಶತಮಾನಗಳ ಕಾಲ ನೀತಿ ಅಂದರೆ ದೇವರ ಕಟ್ಟಳೆ. ಆಮೇಲೆ ಕಟ್ಟಳೆ ಕೊಟ್ಟ ದೇವರ ಮೇಲಿನ ನಂಬಿಕೆ ಸಡಿಲವಾಯಿತು, ಅಪ್ಪಣೆಯ ದನಿ ಮಾತ್ರ ಹಾಗೇ ಉಳಿಯಿತು. ಅವರೊಂದು ಹೋಲಿಕೆ ಕೊಡುತ್ತಾರೆ: ಕ್ರಿಮಿನಲ್ ಕಾನೂನು, ಕೋರ್ಟು ಎಲ್ಲ ರದ್ದಾಗಿ ಮರೆತೇ ಹೋಗಿದೆ, ಆದರೂ ‘ಅಪರಾಧಿ’ ಅನ್ನೋ ಪದ ಜನರ ಬಾಯಲ್ಲಿ ಓಡಾಡುತ್ತಿದೆ. ನಮಗೆ ನಾವೇ ಕಾನೂನು ಮಾಡಿಕೊಳ್ಳುತ್ತೇವೆ ಅನ್ನುವ ಜರ್ಮನ್ ತತ್ವಜ್ಞಾನಿ ಕಾಂಟ್‌ನ ಮಾತನ್ನೂ ಅವರು ಒಪ್ಪುವುದಿಲ್ಲ.

ಹಾಗಾದರೆ ಉಳಿದದ್ದೇನು? ಯಂತ್ರಕ್ಕೆ ಎಣ್ಣೆ ಬೇಕು, ಇಲ್ಲದಿದ್ದರೆ ಕೆಡುತ್ತದೆ. ಈ ‘ಬೇಕು’ವಿಗೆ ಯಾರ ಅಪ್ಪಣೆಯೂ ಬೇಡ. ಅರಿಸ್ಟಾಟಲ್ ಹಾಗೆ ಇಲ್ಲಿಂದಲೇ ಶುರು ಮಾಡೋಣ ಅನ್ನುತ್ತಾರೆ. ಮನುಷ್ಯ ಚೆನ್ನಾಗಿ ಬಾಳಲು ಏನು ಬೇಕು ಅನ್ನೋದು ಗಿಡದಷ್ಟು ಸುಲಭ ಅಲ್ಲ, ಅಲ್ವಾ? ಅಲ್ಲೊಂದು ದೊಡ್ಡ ಕಂದಕ ಇದೆ ಅಂತ ಅವರೇ ಬರೆದಿದ್ದಾರೆ. ಆ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ.

ಇದು ಸುಮ್ನೆ ಪದಗಳ ಜಗಳ ಅಂದುಕೊಳ್ಳಬೇಡಿ. 1956ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, ಜಪಾನಿನ ಮೇಲೆ ಅಣುಬಾಂಬ್ ಹಾಕಿಸಿದ ಅಮೆರಿಕದ ಮಾಜಿ ಅಧ್ಯಕ್ಷ ಟ್ರೂಮನ್‌ಗೆ ಗೌರವ ಪದವಿ ಕೊಡಲು ಹೊರಟಾಗ ಎದ್ದು ನಿಂತು ವಿರೋಧಿಸಿದವರು ಇವರು. ಹಿರೋಷಿಮಾ, ನಾಗಸಾಕಿಯಲ್ಲಿ ಏನೂ ತಪ್ಪು ಮಾಡದ ಜನರನ್ನು ಗುರಿ ಸಾಧಿಸಲು ಕೊಂದದ್ದು ಕೊಲೆಯೇ, ಯುದ್ಧ ಬೇಗ ಮುಗಿಯಿತು ಅನ್ನೋ ಲೆಕ್ಕ ಅದನ್ನು ತೊಳೆಯುವುದಿಲ್ಲ ಅಂದರು. ಜೊತೆಗೆ ನಿಂತವರು ಬೆರಳೆಣಿಕೆಯಷ್ಟು. ಪದವಿ ಕೊಟ್ಟೂ ಆಯಿತು. ಎರಡು ವರ್ಷದ ನಂತರ ಈ ಲೇಖನ. ಫಲ ನೋಡಿ ಸರಿತಪ್ಪು ತೂಗುವ ವಾದಕ್ಕೆ ‘ಕಾನ್ಸಿಕ್ವೆನ್ಷಿಯಲಿಸಂ’ ಅನ್ನೋ ಹೆಸರು ಹುಟ್ಟಿದ್ದು ಇದರಲ್ಲೇ. ಆ ಹಿಂದಿನ ಜಗಳ ಗೊತ್ತಿದ್ದರೆ ಲೇಖನದ ಸಿಟ್ಟು ಅರ್ಥವಾಗುತ್ತದೆ.

ಈಗ ಇದನ್ನು ಕನ್ನಡಕ್ಕೆ ತರಲು ಕೂತಿದ್ದೇನೆ. ಸಿಕ್ಕಿಹಾಕಿಕೊಂಡಿರುವುದು ಒಂದೇ ಕಡೆ. ಅವರು ಬಿಡಿ ಅನ್ನುವ ‘ಆಟ್’ (ought, ನೀತಿಯ ಅಪ್ಪಣೆ), ಇಟ್ಟುಕೊಳ್ಳಿ ಅನ್ನುವ ‘ನೀಡ್ಸ್’ (needs, ಅಗತ್ಯ), ಎರಡಕ್ಕೂ ನಮ್ಮಲ್ಲಿ ಇರೋದು ಅದೇ ‘ಬೇಕು’. ಮೊದಲನೆಯದಕ್ಕೆ ‘ತಕ್ಕದ್ದು’ ಹಾಕಿ ನೋಡಿದೆ, ಸರ್ಕಾರಿ ಸುತ್ತೋಲೆಯ ಹಾಗೆ ಕೇಳಿಸಿತು. ಬೇರೆ ಪದ ಹೊಳೆದರೆ ದಯವಿಟ್ಟು ಹೇಳಿ.